ಓವನ್ ಸರಿಯಾಗಿ ಬಿಸಿಯಾಗ್ತಿಲ್ವಾ? ‘ಕಾಯಿಲ್ ವೀಕ್ ಆಗಿದೆ’ ಅನ್ನೋದು ಎಷ್ಟು ನಿಜ?

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿರುವ ನನ್ನ ಚಿಕ್ಕಮ್ಮ ಮನೆಯಲ್ಲೇ ಕೇಕ್ ಮಾಡಿ ಕೊಡುತ್ತಾರೆ. ಮೊಟ್ಟೆ ಹಾಕದ ಕೇಕು, ರಾಗಿ ಹಿಟ್ಟಿನ ಕೇಕು, ಮಕ್ಕಳ ಹುಟ್ಟುಹಬ್ಬಕ್ಕೆ ಆರ್ಡರ್. ಅವರ ಬಳಿ ಇರುವುದು ಕನ್ವೆಕ್ಷನ್ ಇರುವ ಮೈಕ್ರೋವೇವ್ ಓವನ್. ಹೋದ ತಿಂಗಳು ಎರಡು ಕೇಕು ಮೇಲೆ ಕೆಂಪಗಾಗಿ, ಚಾಕು ಚುಚ್ಚಿದರೆ ಒಳಗೆ ಹಸಿ ಹಿಟ್ಟು. ಒಂದು ಆರ್ಡರಿನ ದುಡ್ಡು ವಾಪಸ್ ಕೊಡಬೇಕಾಯಿತು. ರಿಪೇರಿ ಅಂಗಡಿಗೆ ಫೋನ್ ಮಾಡಿದಾಗ ಓವನ್ ನೋಡದೆಯೇ ಉತ್ತರ ಬಂತು. ಚಿಕ್ಕಮ್ಮ ನನಗೆ ಹೇಳಿದ್ದು ಹೀಗೆ: “ಕಾಯಿಲ್ ವೀಕ್ ಆಗೈತಂತೆ ಕಣೇ. ಹೊಸದು ಹಾಕೋಕೆ ಮೂರು ಸಾವಿರ ಆಗುತ್ತಂತೆ. ಹಾಕಿಸಿಬಿಡ್ಲಾ?”

“ಒಂದೆರಡು ದಿನ ತಡಿ ಚಿಕ್ಕಮ್ಮ, ನಾನೇ ಬರ್ತೀನಿ” ಅಂದೆ. ‘ಕಾಯಿಲ್ ವೀಕ್ ಆಗಿದೆ’ ಎಂಬ ಮಾತು ನಾವೆಲ್ಲ ಕೇಳಿರುವಂಥದ್ದು. ಗೀಸರ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ರಾಡ್, ಎಲ್ಲಕ್ಕೂ ಇದೇ ಮಾತು. ಆದರೆ ಕಾಯಿಲ್ ನಿಜವಾಗಿಯೂ ವಯಸ್ಸಾದವರಂತೆ ನಿಧಾನವಾಗಿ ಸೊರಗುತ್ತದೆಯೇ? ಅದು ಕೆಟ್ಟಿದೆಯೋ ಇಲ್ಲವೋ ಎಂದು ಓವನ್ ಬಿಚ್ಚದೆ ತಿಳಿಯಬಹುದೇ? ಈ ಲೇಖನದಲ್ಲಿ ನೋಡೋಣ.

ಮೊದಲಿಗೆ, ಕನ್ವೆಕ್ಷನ್ ಕಾಯಿಲ್ ಎಲ್ಲಿರುತ್ತದೆ?

ಕನ್ವೆಕ್ಷನ್ ಎಂದರೆ ಬಿಸಿ ಗಾಳಿಯನ್ನು ಸುತ್ತಿಸಿ ಬೇಯಿಸುವುದು. ಕನ್ವೆಕ್ಷನ್ ಮೈಕ್ರೋವೇವ್‌ನಲ್ಲೂ, ಅಡುಗೆಮನೆಯ ಕಪಾಟಿನೊಳಗೆ ಕೂರಿಸುವ ದೊಡ್ಡ ಓವನ್‌ಗಳಲ್ಲೂ ಸಾಮಾನ್ಯವಾಗಿ ತೂತುಗಳಿರುವ ತಗಡಿನ ಹಿಂದೆ ಒಂದು ಫ್ಯಾನ್ ಇರುತ್ತದೆ. ಆ ಫ್ಯಾನಿನ ಸುತ್ತ ಬಳೆಯಂತೆ ಬಾಗಿಸಿದ ಒಂದು ಲೋಹದ ಕೊಳವೆ ಇರುತ್ತದೆ. ಅದೇ ಕನ್ವೆಕ್ಷನ್ ಹೀಟಿಂಗ್ ಎಲಿಮೆಂಟ್. ನಾವು ಕಾಯಿಲ್ ಎಂದು ಕರೆಯುವುದು ಇದನ್ನೇ.

ಓಟಿಜಿಗಳಲ್ಲಿ ಕತೆ ಬೇರೆ. ‘ಕನ್ವೆಕ್ಷನ್’ ಎಂದು ಬರೆದಿರುವ ಎಷ್ಟೋ ಓಟಿಜಿಗಳಲ್ಲಿ ಇರುವುದು ಪಕ್ಕದ ಗೋಡೆಯಲ್ಲೊಂದು ಫ್ಯಾನ್ ಮಾತ್ರ. ಶಾಖ ಬರುವುದು ಮೇಲಿನ ಮತ್ತು ಕೆಳಗಿನ ರಾಡ್‌ಗಳಿಂದಲೇ. ಇಂಥ ಓಟಿಜಿಗೆ ಯಾರಾದರೂ “ಕನ್ವೆಕ್ಷನ್ ಕಾಯಿಲ್ ಬದಲಾಯಿಸಬೇಕು” ಎಂದರೆ, ಇಲ್ಲದ ವಸ್ತುವಿಗೆ ಬಿಲ್ ಹಾಕುತ್ತಿದ್ದಾರೆ ಎಂದರ್ಥ. ಹಾಗಾಗಿ ನಿಮ್ಮದು ಯಾವ ಬಗೆಯದು ಎಂದು ಜೊತೆಗೆ ಬಂದ ಪುಸ್ತಕದಲ್ಲಿ ಮೊದಲು ನೋಡಿಕೊಳ್ಳಿ.

ಆ ಕೊಳವೆಯ ಒಳಗೆ ಏನಿದೆ?

ನಡುವೆ ನೈಕ್ರೋಮ್ ತಂತಿಯ ಸುರುಳಿ ಇದೆ. ಅದರ ಸುತ್ತ ಮೆಗ್ನೀಸಿಯಂ ಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಗಟ್ಟಿಯಾಗಿ ತುಂಬಿರುತ್ತಾರೆ. ಈ ಪುಡಿ ಶಾಖವನ್ನು ಹೊರಗೆ ಬಿಡುತ್ತದೆ, ವಿದ್ಯುತ್ತನ್ನು ಬಿಡುವುದಿಲ್ಲ. ಹೊರಗಿನ ಕೊಳವೆ ಮುಟ್ಟಿದರೆ ಶಾಕ್ ಹೊಡೆಯದಿರಲು ಇದೇ ಕಾರಣ.

ನೈಕ್ರೋಮ್ ಎಂದರೆ ನಿಕಲ್ ಮತ್ತು ಕ್ರೋಮಿಯಂ ಬೆರೆತ ಲೋಹ. ಅಮೆರಿಕದ ಆಲ್ಬರ್ಟ್ ಮಾರ್ಷ್ ಎಂಬ ಲೋಹತಜ್ಞರಿಗೆ 1906ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಟೋಸ್ಟರ್, ಹೀಟರ್‌ಗಳು ಮನೆಮನೆಗೆ ಬರಲು ದಾರಿಯಾದದ್ದು ಈ ಲೋಹದಿಂದ. ಕಬ್ಬಿಣದ ತಂತಿಯನ್ನು ಕೆಂಪಗೆ ಕಾಯಿಸಿದರೆ ಗಾಳಿಯ ಆಮ್ಲಜನಕ ತಾಗಿ ಬೇಗ ಉದುರಿಹೋಗುತ್ತದೆ. ನೈಕ್ರೋಮ್ ಕಾದಾಗ ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪದರ ಕಟ್ಟಿಕೊಂಡು, ಒಳಗಿನ ಲೋಹವನ್ನು ಅದೇ ಕಾಪಾಡುತ್ತದೆ. ಅದು ಕರಗಲು ಸುಮಾರು 1400 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು.

ಹಾಗಾದರೆ ಕಾಯಿಲ್ ‘ವೀಕ್’ ಆಗುತ್ತದೆಯೇ?

ನಾವು ಅಂದುಕೊಂಡಂತೆ ಆಗುವುದಿಲ್ಲ. ಆ ತಂತಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ದಾರಿ. ಸಾವಿರಾರು ಸಲ ಕಾದು ತಣಿದು, ಹಿಗ್ಗಿ ಕುಗ್ಗಿ, ಎಲ್ಲೋ ಒಂದು ಕಡೆ ತಂತಿ ಸಣ್ಣಗಾಗುತ್ತದೆ. ಸಣ್ಣಗಾದ ಜಾಗದಲ್ಲಿ ಅಡ್ಡಿ ಹೆಚ್ಚು, ಅಡ್ಡಿ ಹೆಚ್ಚಾದಲ್ಲಿ ಶಾಖ ಹೆಚ್ಚು, ಶಾಖ ಹೆಚ್ಚಾದಲ್ಲಿ ತಂತಿ ಇನ್ನೂ ಬೇಗ ಸವೆಯುತ್ತದೆ. ಕೊನೆಗೊಂದು ದಿನ ಅಲ್ಲೇ ತುಂಡಾಗುತ್ತದೆ. ಅಂದು ಅದರ ಶಾಖ ಸೊನ್ನೆ. ಅದಕ್ಕೆ ಮೊದಲು ಒಟ್ಟಾರೆ ಶಾಖ ಅಲ್ಪಸ್ವಲ್ಪ ಕಡಿಮೆ ಆಗಬಹುದೇ ಹೊರತು ಅರ್ಧಕ್ಕೆ ಇಳಿಯುವುದಿಲ್ಲ.

ಅಂದರೆ ಒಂದೇ ಕಾಯಿಲ್ ಇದ್ದಾಗ ಅದು ಕೆಲಸ ಮಾಡುತ್ತದೆ ಅಥವಾ ಮಾಡುವುದಿಲ್ಲ. ‘ಬಿಸಿಯಾಗುತ್ತೆ, ಆದರೆ ಸಾಲದು’ ಎಂಬ ತೊಂದರೆಗೆ ಸಾಮಾನ್ಯವಾಗಿ ಬೇರೆ ಕಾರಣ ಇರುತ್ತದೆ. ಇದಕ್ಕೊಂದು ಅಪವಾದ ಉಂಟು. ಎರಡು ಮೂರು ಕಾಯಿಲ್‌ಗಳು ಒಟ್ಟಿಗೆ ಉರಿಯುವ ಓವನ್‌ನಲ್ಲಿ ಒಂದು ಹೋದರೆ, ಹೊರಗಿನಿಂದ ನೋಡುವವರಿಗೆ ಓವನ್ ‘ವೀಕ್’ ಆದಂತೆಯೇ ಕಾಣುತ್ತದೆ.

ನಂಬಬಾರದ ಮೂರು ಗುರುತುಗಳು

“ಫ್ಯಾನ್ ತಿರುಗ್ತಿದೆ, ಹಾಗಾದರೆ ಕನ್ವೆಕ್ಷನ್ ಸರಿ ಇದೆ.” ಫ್ಯಾನಿನ ಮೋಟಾರ್ ಬೇರೆ, ಕಾಯಿಲ್ ಬೇರೆ. ಕಾಯಿಲ್ ತುಂಡಾಗಿದ್ದರೂ ಫ್ಯಾನ್ ತಣ್ಣನೆಯ ಗಾಳಿಯನ್ನು ಸುತ್ತಿಸುತ್ತಲೇ ಇರುತ್ತದೆ.

“ಹಾಲು ಬಿಸಿಯಾಗುತ್ತೆ, ಹಾಗಾದರೆ ಕಾಯಿಲ್ ಸರಿ ಇದೆ.” ಮೈಕ್ರೋವೇವ್ ವಿಧಾನದಲ್ಲಿ ಹಾಲನ್ನು ಕಾಯಿಸುವುದು ಮ್ಯಾಗ್ನೆಟ್ರಾನ್ ಎಂಬ ಬೇರೆಯೇ ಭಾಗ. ಕನ್ವೆಕ್ಷನ್ ಕಾಯಿಲ್‌ಗೂ ಅದಕ್ಕೂ ಸಂಬಂಧವಿಲ್ಲ.

“ಕೆಂಪಗೆ ಉರಿಯುತ್ತಿಲ್ಲ, ಹಾಗಾದರೆ ಕಾಯಿಲ್ ಸುಟ್ಟಿದೆ.” ಯಾವ ಲೋಹವೇ ಆದರೂ ಕೆಂಪಗೆ ಕಾಣಿಸಲು ಸುಮಾರು 500 ಡಿಗ್ರಿ ದಾಟಬೇಕು. ಫ್ಯಾನಿನ ಗಾಳಿ ಬಡಿಯುತ್ತಿರುವ ಕಾಯಿಲ್ ಕಪ್ಪಗೇ ಇದ್ದು ಚೆನ್ನಾಗಿ ಕೆಲಸ ಮಾಡುತ್ತಿರಬಹುದು. ಅದೂ ಅಲ್ಲದೆ ಅದು ತಗಡಿನ ಹಿಂದೆ ಇರುವುದರಿಂದ ನಮಗೆ ಕಾಣುವುದೇ ಅಪರೂಪ.

ಓವನ್ ಬಿಚ್ಚದೆ ಪರೀಕ್ಷಿಸುವುದು ಹೇಗೆ?

ಇದಕ್ಕೆ ಬೇಕಾದ ಸಲಕರಣೆ ಎಲ್ಲರ ಮನೆಯ ಗೋಡೆಯ ಮೇಲೂ ಇದೆ: ಕರೆಂಟ್ ಮೀಟರ್. ಈಗಿನ ಡಿಜಿಟಲ್ ಮೀಟರಿನಲ್ಲಿ ಮಿಣುಕುವ ಸಣ್ಣ ಕೆಂಪು ದೀಪವನ್ನು ನೋಡಿದ್ದೀರಲ್ಲ? ಅದು ಸುಮ್ಮನೆ ಮಿಣುಕುವುದಿಲ್ಲ. ಒಂದು ಯೂನಿಟ್ ಕರೆಂಟಿಗೆ ಎಷ್ಟು ಮಿಣುಕು ಎಂಬ ಸಂಖ್ಯೆಯನ್ನು ಮೀಟರಿನ ಮುಖದ ಮೇಲೆಯೇ ಸಣ್ಣದಾಗಿ ಬರೆದಿರುತ್ತಾರೆ. ಕೆಲವು ಮೀಟರಿನಲ್ಲಿ ಅದು 1600, ಕೆಲವದರಲ್ಲಿ 3200, ಬೇರೆ ಸಂಖ್ಯೆಯೂ ಇರಬಹುದು.

ಮಾಡಬೇಕಾದ್ದು ಇಷ್ಟು:

1. ಓವನ್ ಖಾಲಿ ಇರಲಿ, ತಣ್ಣಗಿರಲಿ. ಹಿಂದಿನ ಚೀಟಿಯಲ್ಲಿ ‘ಕನ್ವೆಕ್ಷನ್’ ಎಂಬುದರ ಮುಂದೆ ಎಷ್ಟು ವ್ಯಾಟ್ ಎಂದು ನೋಡಿ ಬರೆದುಕೊಳ್ಳಿ. ಮೈಕ್ರೋವೇವ್, ಗ್ರಿಲ್, ಕನ್ವೆಕ್ಷನ್‌ಗೆ ಬೇರೆ ಬೇರೆ ವ್ಯಾಟ್ ಬರೆದಿರುತ್ತದೆ.

2. ಫ್ರಿಜ್, ಯುಪಿಎಸ್, ಮೋಟಾರ್, ಟಿವಿ, ಫ್ಯಾನ್, ದೀಪ, ಎಲ್ಲ ಆಫ್ ಮಾಡಿ. ಒಂದು ನಿಮಿಷ ಮೀಟರ್ ನೋಡಿ. ಮಿಣುಕು ನಿಂತಿರಬೇಕು ಅಥವಾ ಹೆಚ್ಚುಕಡಿಮೆ ನಿಂತಿರಬೇಕು.

3. ಓವನ್ನನ್ನು ಕನ್ವೆಕ್ಷನ್‌ಗೆ ಹಾಕಿ, 200 ಡಿಗ್ರಿಗೆ ಇಟ್ಟು, ಪ್ರೀಹೀಟ್ ಶುರು ಮಾಡಿ.

4. ಶುರುವಾದ ಕೂಡಲೇ, ಮೊದಲ ಒಂದೆರಡು ನಿಮಿಷದಲ್ಲೇ, ಒಂದು ನಿಮಿಷದ ಮಿಣುಕುಗಳನ್ನು ಎಣಿಸಿ. ಬೇಗ ಬೇಗ ಮಿಣುಕುವುದರಿಂದ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಆಮೇಲೆ ನಿಧಾನಕ್ಕೆ ಎಣಿಸುವುದು ಸುಲಭ. ತಡ ಮಾಡಿದರೆ ಓವನ್ ಬಿಸಿಯಾಗಿ ಕಾಯಿಲ್ ತಾನಾಗಿಯೇ ಆಫ್ ಆನ್ ಆಗಲು ಶುರುವಾಗುತ್ತದೆ, ಲೆಕ್ಕ ತಪ್ಪುತ್ತದೆ.

5. ಲೆಕ್ಕ: ಒಂದು ನಿಮಿಷದ ಮಿಣುಕನ್ನು 60,000ದಿಂದ ಗುಣಿಸಿ, ಮೀಟರಿನ ಮೇಲಿರುವ ಸಂಖ್ಯೆಯಿಂದ ಭಾಗಿಸಿ. ಬರುವುದೇ ಓವನ್ ಎಳೆಯುತ್ತಿರುವ ವ್ಯಾಟ್.

ಉದಾಹರಣೆಗೆ 2000 ವ್ಯಾಟಿನ ಓವನ್, 3200ರ ಮೀಟರ್ ಎಂದಿಟ್ಟುಕೊಳ್ಳಿ. ಕಾಯಿಲ್ ಸರಿ ಇದ್ದರೆ ನಿಮಿಷಕ್ಕೆ ಸುಮಾರು 107 ಮಿಣುಕು ಬರಬೇಕು. ಬರೀ ಎರಡೋ ಮೂರೋ ಬಂದರೆ ಫ್ಯಾನ್ ಮತ್ತು ಒಳಗಿನ ದೀಪ ಮಾತ್ರ ನಡೆಯುತ್ತಿವೆ, ಕಾಯಿಲ್‌ಗೆ ಕರೆಂಟ್ ಹರಿಯುತ್ತಿಲ್ಲ ಎಂದು ಅರ್ಥ. ಅರುವತ್ತು ಎಪ್ಪತ್ತು ಬಂದರೆ? ಕಾಯಿಲ್ ಬದುಕಿದೆ, ಅದಕ್ಕೆ ಸಾಕಷ್ಟು ವೋಲ್ಟೇಜ್ ಸಿಗುತ್ತಿಲ್ಲ ಎಂದು ಮೊದಲು ಅನುಮಾನಿಸಬೇಕು. ಹಲವು ಕಾಯಿಲ್‌ಗಳು ಒಟ್ಟಿಗೆ ಉರಿಯುವ ಓವನ್ ಆದರೆ, ಒಂದು ಹೋಗಿರಬಹುದು ಎಂದೂ ನೋಡಬೇಕು.

ಚಿಕ್ಕಮ್ಮನ ಮನೆಯಲ್ಲಿ ಸಿಕ್ಕ ಲೆಕ್ಕ

ಅವರ ಓವನ್ 2000 ವ್ಯಾಟ್, ಮೀಟರ್ 3200. ಸಂಜೆ ಏಳು ಗಂಟೆಗೆ ಎಣಿಸಿದಾಗ ಸಿಕ್ಕಿದ್ದು 62 ಮಿಣುಕು. ಅಂದರೆ ಸುಮಾರು 1160 ವ್ಯಾಟ್. ಮಾರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅದೇ ಓವನ್, ಅದೇ ಪ್ಲಗ್, 105 ಮಿಣುಕು. ಅಂದರೆ ಸುಮಾರು 1970 ವ್ಯಾಟ್. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಕಾಯಿಲ್ ತನ್ನಷ್ಟಕ್ಕೆ ಗಟ್ಟಿಯಾಗಲು ಸಾಧ್ಯವೇ? ಬದಲಾಗಿದ್ದು ವೋಲ್ಟೇಜ್. ಊರಿನ ಎಲೆಕ್ಟ್ರಿಷಿಯನ್ ಸಂಜೆ ಬಂದು ಓವನ್ ನಡೆಯುತ್ತಿರುವಾಗಲೇ ಅಳೆದರು. ಮಲ್ಟಿಮೀಟರ್ ತೋರಿಸಿದ್ದು 175 ವೋಲ್ಟಿನ ಆಸುಪಾಸು. ಚಿಕ್ಕಮ್ಮನ ಮನೆ ಸಾಲಿನ ಕೊನೆಯಲ್ಲಿದೆ. ಸಂಜೆ ಎಲ್ಲರ ಮನೆಯಲ್ಲೂ ಎಲ್ಲ ನಡೆಯುವ ಹೊತ್ತು.

“ಅದಕ್ಕೇ ಸಾಯಂಕಾಲ ಮಿಕ್ಸಿನೂ ಅಳುತ್ತೆ” ಅಂದರು ಚಿಕ್ಕಮ್ಮ. ಸುಳಿವು ಮೊದಲಿಂದಲೂ ಕಣ್ಣೆದುರೇ ಇತ್ತು.

230 ವೋಲ್ಟ್ ಬರಬೇಕಾದಲ್ಲಿ 175 ಬಂದರೆ ಕಾಲು ಭಾಗ ಕಡಿಮೆ, ಅಷ್ಟೇ ತಾನೇ ಎನಿಸಬಹುದು. ಆದರೆ ಕಾಯಿಲ್‌ನ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ವೋಲ್ಟೇಜ್ ಕಡಿಮೆಯಾದಾಗ ತಂತಿಯಲ್ಲಿ ಹರಿಯುವ ಕರೆಂಟೂ ಕಡಿಮೆಯಾಗುತ್ತದೆ, ಶಾಖಕ್ಕೆ ಎರಡೂ ಸೇರುತ್ತವೆ. 2000 ವ್ಯಾಟಿನ ಕಾಯಿಲ್ 200 ವೋಲ್ಟಿನಲ್ಲಿ ಸುಮಾರು 1510 ವ್ಯಾಟ್ ಕೊಡುತ್ತದೆ, 180ರಲ್ಲಿ 1225, 170ರಲ್ಲಿ 1090. ಹತ್ತಿರ ಹತ್ತಿರ ಅರ್ಧ!

ಅರ್ಧ ಶಾಖವಾದರೆ ಪ್ರೀಹೀಟ್‌ಗೆ ಎರಡರಷ್ಟು ಹೊತ್ತು ಎಂದುಕೊಂಡರೂ ತಪ್ಪಾಗುತ್ತದೆ. ತೂತು ಬಿಂದಿಗೆಗೆ ನಲ್ಲಿ ನೀರು ಹಿಡಿಯುವುದನ್ನು ನೆನೆಸಿಕೊಳ್ಳಿ. ನಲ್ಲಿ ಜೋರಾಗಿದ್ದರೆ ತೂತಿದ್ದರೂ ಬಿಂದಿಗೆ ಬೇಗ ತುಂಬುತ್ತದೆ. ನಲ್ಲಿ ಸಣ್ಣಗಾದರೆ, ಸೋರುವುದು ಅಷ್ಟೇ ಇರುವುದರಿಂದ, ತುಂಬುವುದು ತೀರಾ ತಡ. ಓವನ್ನೂ ಬಾಗಿಲಿನಿಂದ, ಗೋಡೆಗಳಿಂದ ಶಾಖ ಸೋರಿಸುತ್ತಲೇ ಇರುತ್ತದೆ. ಹೀಗಾಗಿ ಎಂಟು ಹತ್ತು ನಿಮಿಷಕ್ಕೆ ಕಾಯುತ್ತಿದ್ದ ಓವನ್ ಸಂಜೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ತೆಗೆದುಕೊಳ್ಳಬಹುದು. ಚಿಕ್ಕಮ್ಮನೋ ಗಡಿಯಾರ ನೋಡಿ ಹತ್ತೇ ನಿಮಿಷಕ್ಕೆ ಕೇಕ್ ಒಳಗಿಡುತ್ತಿದ್ದರು, ಓವನ್ನಿನ ಬೀಪ್‌ಗೆ ಕಾಯುತ್ತಿರಲಿಲ್ಲ. ಕಾಯದ ಓವನ್ನಿನಲ್ಲಿ ಶುರುವಾದ ಕೇಕ್ ಒಳಗೆ ಹಸಿಯಾಗಿ ಉಳಿಯಿತು.

ಮೂರು ಸಾವಿರ ಕೊಟ್ಟು ಹೊಸ ಕಾಯಿಲ್ ಹಾಕಿಸಿದ್ದರೂ ಮುಂದಿನ ಸಂಜೆಯ ಕೇಕು ಹಸಿಯೇ ಇರುತ್ತಿತ್ತು.

ಮಿಣುಕು ಎರಡೋ ಮೂರೋ ಬಂದರೆ?

ಆಗಲೂ ಕಾಯಿಲ್ ಸುಟ್ಟಿದೆ ಎಂದು ತೀರ್ಮಾನಿಸುವಂತಿಲ್ಲ. ಕರೆಂಟ್ ಕಾಯಿಲ್ ತಲುಪುವ ದಾರಿಯಲ್ಲಿ ರಿಲೇ ಇದೆ, ಅತಿಯಾಗಿ ಕಾದರೆ ಕತ್ತರಿಸುವ ಥರ್ಮಲ್ ಕಟೌಟ್ ಇದೆ, ತುದಿಯಲ್ಲಿ ಸಿಕ್ಕಿಸುವ ವೈರುಗಳಿವೆ. ಇವುಗಳಲ್ಲಿ ಯಾವುದು ಕೈಕೊಟ್ಟರೂ ಹೊರಗಿನಿಂದ ಒಂದೇ ಲಕ್ಷಣ. ಓವನ್ನನ್ನು ಗೋಡೆಗೆ ಒತ್ತಿ ಇಟ್ಟು, ಗಾಳಿ ಕಿಂಡಿ ಮುಚ್ಚಿಹೋಗಿದ್ದರೆ ಕಟೌಟ್ ಕೆಲಸ ಮಾಡಿರಬಹುದು. ಕನ್ವೆಕ್ಷನ್ ಫ್ಯಾನ್ ನಿಂತಿದ್ದರೂ ಹಾಗೆಯೇ: ಕಾಯಿಲ್‌ನ ಶಾಖ ಅಲ್ಲೇ ಕಟ್ಟಿಕೊಂಡು ಕಟೌಟ್ ಹಾರುತ್ತದೆ. ಯಾವುದು ಎಂದು ಹೇಳಬಲ್ಲದ್ದು ಮಲ್ಟಿಮೀಟರ್ ಮಾತ್ರ, ಅದಕ್ಕೆ ಓವನ್ ಬಿಚ್ಚಲೇಬೇಕು.

ಅದನ್ನು ನಾವೇ ಬಿಚ್ಚಬಹುದೇ?

ಕನ್ವೆಕ್ಷನ್ ಮೈಕ್ರೋವೇವ್ ಆದರೆ ಬೇಡವೇ ಬೇಡ. ಅದರೊಳಗಿನ ಕೆಪಾಸಿಟರ್ ಎರಡು ಸಾವಿರ ವೋಲ್ಟಿಗೂ ಮಿಕ್ಕಿದ ವಿದ್ಯುತ್ತನ್ನು ಹಿಡಿದಿಡುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಅಲ್ಲೇ ಉಳಿದಿರಬಹುದು. ಮುಟ್ಟಿದರೆ ಪ್ರಾಣ ಹೋಗಬಹುದು. ‘ಪ್ಲಗ್ ತೆಗೆದಿದ್ದೀನಲ್ಲ’ ಎಂಬ ಧೈರ್ಯ ಇಸ್ತ್ರಿಪೆಟ್ಟಿಗೆಗೆ ಸರಿ, ಮೈಕ್ರೋವೇವ್‌ಗೆ ಅಲ್ಲ. ತರಬೇತಿ ಇರುವ ರಿಪೇರಿಯವರಿಗೆ ಈ ಕೆಲಸ ಬಿಡಿ.

ಆದರೆ ಅವರು ಬಂದಾಗ ನಾವು ಸುಮ್ಮನೆ ತಲೆಯಾಡಿಸಬೇಕಿಲ್ಲ. ಮೂರು ವಿಷಯ ಕೇಳಬಹುದು.

ಒಂದು: “ಕಾಯಿಲ್‌ನ ಓಮ್ ಎಷ್ಟು ಬರ್ತಿದೆ, ತೋರಿಸಿ.” 230ನ್ನು 230ರಿಂದ ಗುಣಿಸಿ ಕಾಯಿಲ್‌ನ ವ್ಯಾಟಿನಿಂದ ಭಾಗಿಸಿದರೆ ಬರಬೇಕಾದ ಓಮ್ ಸಿಗುತ್ತದೆ. 2000 ವ್ಯಾಟಿಗೆ ಸುಮಾರು 26, 1500ಕ್ಕೆ 35, 1000ಕ್ಕೆ 53. ಬಲ್ಬಿನ ಟಂಗ್‌ಸ್ಟನ್ ತಂತಿಯ ಅಡ್ಡಿ ಕಾದಾಗ ಹತ್ತು ಪಟ್ಟಿಗೂ ಹೆಚ್ಚಾಗುತ್ತದೆ. ನೈಕ್ರೋಮ್‌ನಲ್ಲಿ ಹಾಗಿಲ್ಲ, ನೂರಕ್ಕೆ ಕೆಲವೇ ಪಾಲು ವ್ಯತ್ಯಾಸ. ಹಾಗಾಗಿ ತಣ್ಣಗಿದ್ದಾಗ ಅಳೆದ ಲೆಕ್ಕವನ್ನೇ ನಂಬಬಹುದು. ವೈರುಗಳನ್ನು ಬಿಡಿಸಿ ಅಳೆದಾಗ ಈ ಸಂಖ್ಯೆ ಬಂದರೆ ತಂತಿ ತುಂಡಾಗಿಲ್ಲ. ಮಲ್ಟಿಮೀಟರ್ ಸಂಖ್ಯೆಯನ್ನೇ ತೋರಿಸದೆ ‘ಓಎಲ್’ ಎಂದರೆ ತಂತಿ ತುಂಡಾಗಿದೆ, ಕಾಯಿಲ್ ಬದಲಾಯಿಸುವುದು ನ್ಯಾಯ.

ಎರಡು: “ಕಾಯಿಲ್‌ನ ತುದಿಗೂ ಹೊರ ಕೊಳವೆಗೂ ಲೀಕ್ ಇದೆಯಾ?” ಇರಬಾರದು. ಸಾಮಾನ್ಯ ಮಲ್ಟಿಮೀಟರ್ ತನ್ನ ಸಣ್ಣ ಬ್ಯಾಟರಿಯಿಂದ ಅಳೆಯುವುದರಿಂದ ಸಣ್ಣ ಲೀಕ್ ಅದಕ್ಕೆ ಸಿಗದೆ ಹೋಗಬಹುದು. 500 ವೋಲ್ಟ್ ಕೊಟ್ಟು ನೋಡುವ ಮೆಗ್ಗರ್ ಇದಕ್ಕೆ ಸರಿಯಾದ ಸಾಧನ.

ಮೂರು: “ಬದಲಾಯಿಸಿದರೆ ಹಳೇ ಕಾಯಿಲ್ ನನಗೆ ಕೊಡಿ.” ಇಷ್ಟು ಕೇಳಿದರೆ ಸಾಕು, ಎಷ್ಟೋ ಕಡೆ ಮಾತಿನ ಧಾಟಿಯೇ ಬದಲಾಗುತ್ತದೆ.

ಶಾಕ್ ಹೊಡೆದರೆ, ಸ್ವಿಚ್ ಟ್ರಿಪ್ ಆದರೆ ಹಗುರವಾಗಿ ನೋಡಬೇಡಿ

ಬಿಸಿಯಾಗದ ಕಾಯಿಲ್‌ಗಿಂತ ಅಪಾಯಕಾರಿಯಾದದ್ದು ಬಿಸಿಯಾಗುತ್ತಲೇ ಲೀಕ್ ಆಗುವ ಕಾಯಿಲ್. ಒಳಗಿನ ಮೆಗ್ನೀಸಿಯಂ ಆಕ್ಸೈಡ್ ಪುಡಿ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಳಸದೆ ಇಟ್ಟ ಓವನ್, ಕೊಳವೆಯಲ್ಲಿ ಬಿರುಕು ಬಿಟ್ಟ ಓವನ್, ಇಂಥವುಗಳಲ್ಲಿ ಕರೆಂಟ್ ಹೊರ ಕೊಳವೆಗೆ, ಅಲ್ಲಿಂದ ಓವನ್ನಿನ ಮೈಗೆ ಸೋರಬಹುದು.

ಮನೆಯಲ್ಲಿ ಆರ್‌ಸಿಸಿಬಿ ಇದ್ದರೆ ಕನ್ವೆಕ್ಷನ್ ಹಾಕಿದೊಡನೆ ಅದು ಟ್ರಿಪ್ ಆಗುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟ್ ಕತ್ತರಿಸುವಂಥದ್ದು. ಎಂಸಿಬಿ ಹಾಗಲ್ಲ, ಅದು ನೋಡುವುದು ಓವರ್‌ಲೋಡ್ ಮತ್ತು ಶಾರ್ಟ್ ಸರ್ಕ್ಯೂಟನ್ನು ಮಾತ್ರ. ಮನೆಯಲ್ಲಿ ಬರೀ ಎಂಸಿಬಿ ಇದ್ದು, ಅರ್ತಿಂಗ್ ಕೂಡ ಸರಿ ಇಲ್ಲದಿದ್ದರೆ, ಸೋರಿದ ಕರೆಂಟ್ ಓವನ್ನಿನ ಮೈಮೇಲೆ ಯಾರಾದರೂ ಮುಟ್ಟಲಿ ಎಂದು ಕಾದು ಕೂತಂತೆ. ಮುಟ್ಟಿದಾಗ ಜುಮ್ ಎನ್ನುವುದು ‘ಎಲ್ಲ ಓವನ್‌ನಲ್ಲೂ ಇದ್ದದ್ದೇ’ ಅಲ್ಲ. ಅಂಥ ಓವನ್ನನ್ನು ಆ ಕ್ಷಣವೇ ಮೇನ್‌ನಲ್ಲಿ ಆಫ್ ಮಾಡಿ, ಪ್ಲಗ್ ತೆಗೆಯಿರಿ. ಟ್ರಿಪ್ ಆದ ಸ್ವಿಚ್ಚನ್ನು ಮತ್ತೆ ಮತ್ತೆ ಎತ್ತಿ ನೋಡುವುದು, ಆರ್‌ಸಿಸಿಬಿಯನ್ನೇ ತೆಗೆಸಿಬಿಡುವುದು, ಮೂರು ಪಿನ್ನಿನ ಪ್ಲಗ್‌ನಿಂದ ಅರ್ತ್ ಪಿನ್ ಕೀಳುವುದು, ಮೂರೂ ಜೀವದ ಜೊತೆ ಆಟ.

ಪ್ಲಗ್ಗಿನ ಬಗ್ಗೆ ಇನ್ನೊಂದು ಮಾತು. 2000 ವ್ಯಾಟಿನ ಓವನ್ 8.7 ಆಂಪಿಯರ್ ಎಳೆಯುತ್ತದೆ. ಅದಕ್ಕೆ ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್ಟೇ ಬೇಕು. ಮೊಬೈಲ್ ಚಾರ್ಜ್ ಮಾಡುವ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಬಾರದು. ಸಾಕೆಟ್ ಸಡಿಲವಾಗಿ ಅಲ್ಲೊಂದು ಓಮ್ ಅಡ್ಡಿ ಹುಟ್ಟಿದರೂ ಸುಮಾರು 75 ವ್ಯಾಟ್ ಶಾಖ ಆ ಪ್ಲಾಸ್ಟಿಕ್ಕಿನೊಳಗೇ ಉರಿಯುತ್ತದೆ. ಪ್ಲಗ್ ಕೈಗೆ ಬಿಸಿ ತಾಗಿದರೆ, ಸಾಕೆಟ್ ಕಪ್ಪಾಗಿದ್ದರೆ, ಓವನ್ ರಿಪೇರಿಗಿಂತ ಮೊದಲು ಸಾಕೆಟ್ ಬದಲಾಯಿಸಿ.

ವೋಲ್ಟೇಜ್ ಕಡಿಮೆ ಇದ್ದರೆ ಏನು ಮಾಡುವುದು?

ಫ್ರಿಜ್ಜಿಗೆ ಹಾಕುವ ಸಣ್ಣ ಸ್ಟೆಬಿಲೈಸರ್‌ಗೆ ಓವನ್ ಸಿಕ್ಕಿಸಬೇಡಿ, ಅದು ಅಷ್ಟು ಲೋಡ್ ತಡೆಯುವುದಿಲ್ಲ. ದಿನದ ಬೇರೆ ಬೇರೆ ಹೊತ್ತಿನಲ್ಲಿ ಮಿಣುಕು ಎಣಿಸಿ ಅಥವಾ ಎಲೆಕ್ಟ್ರಿಷಿಯನ್ನರಿಂದ ವೋಲ್ಟೇಜ್ ಅಳೆಸಿ, ಬರೆದಿಟ್ಟುಕೊಳ್ಳಿ. ಅದನ್ನು ಹೇಳಿ ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಡಿ. ‘ಕರೆಂಟ್ ಡಲ್ ಇದೆ’ ಎನ್ನುವುದಕ್ಕಿಂತ ‘ಸಂಜೆ ಏಳಕ್ಕೆ 175 ವೋಲ್ಟ್ ಇದೆ’ ಎಂಬ ದೂರಿಗೆ ತೂಕ ಹೆಚ್ಚು. ಓವನ್ನಿನೊಳಗೆ ಇಡುವ ಸಣ್ಣ ಥರ್ಮಾಮೀಟರ್ ಒಂದನ್ನು ಕೊಂಡರೆ, ಗಡಿಯಾರದ ಬದಲು ನಿಜವಾದ ಶಾಖ ನೋಡಿ ಕೇಕ್ ಇಡಬಹುದು. ಅದನ್ನು ಕನ್ವೆಕ್ಷನ್‌ನಲ್ಲಿ ಮಾತ್ರ ಬಳಸಿ, ಮೈಕ್ರೋವೇವ್ ವಿಧಾನದಲ್ಲಿ ಲೋಹದ ಥರ್ಮಾಮೀಟರ್ ಒಳಗಿಡಬಾರದು.

ಕೊನೆಯದಾಗಿ

‘ಕಾಯಿಲ್ ವೀಕ್ ಆಗಿದೆ’ ಎಂಬ ಮಾತು ಬಹುತೇಕ ತಪ್ಪು. ಒಂಟಿ ಕಾಯಿಲ್ ಇದ್ದರೆ ಇದೆ, ಹೋದರೆ ಹೋಯಿತು. ಅರೆಬರೆ ಬಿಸಿಗೆ ಮೊದಲ ಅನುಮಾನ ವೋಲ್ಟೇಜ್ ಮೇಲಿರಲಿ. ಸ್ವಲ್ಪವೂ ಬಿಸಿ ಇಲ್ಲದಿದ್ದರೆ ಕಾಯಿಲ್, ಕಟೌಟ್, ರಿಲೇ, ವೈರು, ಇವುಗಳಲ್ಲಿ ಯಾವುದು ಎಂದು ಅಳೆದು ತೋರಿಸುವವರಿಗೇ ದುಡ್ಡು ಕೊಡಿ. ಶಾಕ್ ಅಥವಾ ಟ್ರಿಪ್ ಇದ್ದರೆ ಪರೀಕ್ಷೆ ಗಿರೀಕ್ಷೆ ಏನೂ ಬೇಡ, ಬಳಸುವುದನ್ನೇ ನಿಲ್ಲಿಸಿ.

ಚಿಕ್ಕಮ್ಮ ಈಗ ಬೆಳಿಗ್ಗೆ ತಿಂಡಿ ಮುಗಿಸಿ, ಓವನ್ ಬೀಪ್ ಎಂದ ಮೇಲೆಯೇ ಕೇಕ್ ಇಡುತ್ತಾರೆ. ವೋಲ್ಟೇಜಿನ ದೂರು ಕೊಟ್ಟಾಗಿದೆ. ಮೂರು ಸಾವಿರ ರೂಪಾಯಿ ಡಬ್ಬಿಯಲ್ಲೇ ಇದೆ. ಪಕ್ಕದ ಮನೆಯವರ ಗೀಸರ್ ‘ವೀಕ್’ ಆಗಿದೆಯಂತೆ, ಮೊನ್ನೆ ಅವರ ಮೀಟರ್ ಮುಂದೆಯೂ ಮೊಬೈಲ್ ಹಿಡಿದು ನಿಂತಿದ್ದರಂತೆ.